ಕ್ಯಾಲೊರಿ ಲೆಕ್ಕ ಆಮೇಲೆ, ಮೊದಲು ಪ್ರೋಟೀನ್ ಎಷ್ಟು ಹೋಯಿತು ಹೇಳಿ

ತೂಕ ಇಳಿಸುವ ಆಪರೇಷನ್ ಆದವರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಅಷ್ಟೇ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಅದೊಂದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ. ಹೊಟ್ಟೆಯನ್ನು ಚಿಕ್ಕದು ಮಾಡುವ ಈ ಆಪರೇಷನ್‌ನ ಎರಡು ಬಗೆಗಳಾದ ಸ್ಲೀವ್ ಅಂದರೇನು, ಬೈಪಾಸ್ ಅಂದರೇನು, ಮೊದಲು ನೀರಿನಂಥದ್ದು ಆಮೇಲೆ ಮೆತ್ತನೆಯದು ಯಾಕೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಆಪರೇಷನ್ ಮಾಡಿಸಿಕೊಂಡವರಿಗೆ ಅದು ಗೊತ್ತಿರಲೇಬೇಕು.

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಸ್ಲೀವ್ ಆಪರೇಷನ್ ಆಗಿ ಮೂರು ತಿಂಗಳಾಯಿತು, 19 ಕೆ.ಜಿ. ಇಳಿದಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಲೆಕ್ಕ ಹಾಕಿದರೆ ದಿನಕ್ಕೆ 400ರಿಂದ 450 ಕ್ಯಾಲೊರಿ ಮಾತ್ರ. ಇದು ಒಳ್ಳೆಯದೇ ಅಲ್ವಾ? ಆದರೆ ತುಂಬಾ ಸುಸ್ತು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ತಲೆ ಬಾಚಿದರೆ ಕೂದಲು ಕೈಗೇ ಬರುತ್ತದೆ. ಬೆಳಿಗ್ಗೆ ರಾಗಿ ಗಂಜಿ, 11 ಗಂಟೆಗೆ ಎಳನೀರು, ಮಧ್ಯಾಹ್ನ ತಿಳಿಸಾರು ಮತ್ತು ಎರಡು ಚಮಚ ಮೊಸರನ್ನ, ಸಂಜೆ ಕಾಫಿ, ಎರಡು ಬಿಸ್ಕತ್ತು, ರಾತ್ರಿ ಬೇಳೆ ಕಟ್ಟಿನ ಜೊತೆ ಒಂದು ಇಡ್ಲಿ. ನಾವು ಸಸ್ಯಾಹಾರಿಗಳು. (ಓದುಗರು, ದಾವಣಗೆರೆ)

ಉತ್ತರ: ಒಳ್ಳೆಯದಲ್ಲ. ಕ್ಯಾಲೊರಿ ಕಡಿಮೆ ಆಗಿರುವುದು ಆಪರೇಷನ್‌ನಿಂದ. ಅದನ್ನು ಇನ್ನೂ ಕಡಿಮೆ ಮಾಡಬೇಕು ಅಂತ ಯಾರೂ ಹೇಳಿಲ್ಲ, ನೀವಾಗೇ ಅಂದುಕೊಂಡಿದ್ದೀರಿ. ಈಗ ನೀವು ಬರೆದ ಊಟವನ್ನು ಪ್ರೋಟೀನ್ ಲೆಕ್ಕದಲ್ಲಿ ನೋಡೋಣ. ರಾಗಿ ಗಂಜಿಗೆ ಹೆಚ್ಚೆಂದರೆ 25 ಗ್ರಾಂ ಹಿಟ್ಟು ಹಾಕಿರುತ್ತಾರೆ, ಅದರಲ್ಲಿ 2 ಗ್ರಾಂ ಪ್ರೋಟೀನ್ ಕೂಡ ಇಲ್ಲ. ಎಳನೀರಿನಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ತಿಳಿಸಾರಿನಲ್ಲೂ ಇಲ್ಲ. ಮೊಸರನ್ನದಲ್ಲಿ 2, ಕಾಫಿಯ ಹಾಲಿನಲ್ಲಿ 3, ಬಿಸ್ಕತ್ತಿನಲ್ಲಿ 1, ಇಡ್ಲಿಯಲ್ಲಿ 2, ಕಟ್ಟಿನಲ್ಲಿ 1. ಎಷ್ಟು ಧಾರಾಳವಾಗಿ ಕೂಡಿದರೂ 12 ಗ್ರಾಂ ದಾಟುವುದಿಲ್ಲ. ನಿಮಗೆ ಬೇಕಿರುವುದು ಕನಿಷ್ಠ 60.

ಈ 60 ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಆಪರೇಷನ್ ಆಗದ, ಆರೋಗ್ಯವಾಗಿರುವ 55 ಕೆ.ಜಿ. ಹೆಂಗಸಿಗೇ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ನಿಮ್ಮ ಮೈಯಲ್ಲಿ ಗಾಯ ಮಾಯಬೇಕು, ಜೊತೆಗೆ ತೂಕ ಭರಭರ ಇಳಿಯುತ್ತಿದೆ. ಅದಕ್ಕೇ 60 ಅನ್ನುವುದು ತಳಮಟ್ಟ. ಬಹಳ ಜನಕ್ಕೆ 60ರಿಂದ 80 ಬೇಕಾಗುತ್ತದೆ. ನಿಮ್ಮ ಎತ್ತರಕ್ಕೆ ಸರಿಯಾದ ತೂಕ ಎಷ್ಟೋ ಅದರ ಪ್ರತಿ ಕೆ.ಜಿ.ಗೆ 1ರಿಂದ 1.5 ಗ್ರಾಂ ಅನ್ನುವ ಲೆಕ್ಕವೂ ಇದೆ. ಆಪರೇಷನ್‌ಗೆ ಮುಂಚಿನ ಹಳೆಯ ತೂಕಕ್ಕೆ ಲೆಕ್ಕ ಹಾಕಬೇಡಿ.

ಹೊರಗಿಂದ ಪ್ರೋಟೀನ್ ಬರದಿದ್ದರೆ ದೇಹ ಸುಮ್ನೆ ಕೂರುವುದಿಲ್ಲ, ಮಾಂಸಖಂಡ ಕರಗಿಸಿ ತೆಗೆದುಕೊಳ್ಳುತ್ತದೆ. ನೀವು ಇಳಿಸಿದ 19 ಕೆ.ಜಿ.ಯಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಅಂತ ಮನೆಯ ತೂಕದ ಯಂತ್ರ ಹೇಳುವುದಿಲ್ಲ, ಆದರೆ ಮೆಟ್ಟಿಲ ಮೇಲೆ ನಡುಗುವ ನಿಮ್ಮ ತೊಡೆ ಹೇಳುತ್ತಿದೆ. ಮಾಂಸಖಂಡ ಹೋದಷ್ಟೂ ದೇಹ ಸುಡುವ ಕ್ಯಾಲೊರಿ ಕಡಿಮೆಯಾಗುತ್ತದೆ. ಒಂದೆರಡು ವರ್ಷ ಬಿಟ್ಟು ಹಸಿವು ವಾಪಸ್ ಬಂದಾಗ ತೂಕ ಸುಲಭವಾಗಿ ಏರುತ್ತದೆ. ಆಗ ನನ್ನ ಮುಂದೆ ಕೂತು ಅಳುವವರನ್ನು ನೋಡಿ ನನಗೂ ಸಂಕಟ ಆಗುತ್ತದೆ.

ಮನೆಯವರಿಗೂ ಒಂದು ಮಾತು. ಬೇಳೆ ಬೇಯಿಸಿ, ಮೇಲಿನ ತಿಳಿಯನ್ನು ಬಗ್ಗಿಸಿ, 'ಸತ್ವ ಎಲ್ಲ ಕಟ್ಟಿನಲ್ಲೇ ಇದೆ' ಅಂತ ಕೊಡುತ್ತೀರಲ್ಲ, ಪ್ರೀತಿಯಿಂದಲೇ ಕೊಡುತ್ತೀರಿ, ಗೊತ್ತು. ಆದರೆ ಸತ್ವ ಇರುವುದು ತಳದಲ್ಲಿ ಉಳಿದ ಬೇಳೆಯಲ್ಲಿ. ಅದನ್ನು ಮನೆಯವರೆಲ್ಲ ಉಣ್ಣುತ್ತಾರೆ, ಆಪರೇಷನ್ ಆದವಳಿಗೆ ನೀರು! ಬಸ್ಸಾರಿನ ಕಥೆಯೂ ಇದೇ. ಮಾಂಸಾಹಾರಿ ಮನೆಗಳಲ್ಲಿ ಕಾಲು ಸೂಪು. ಅದರಲ್ಲಿರುವುದು ಮೂಳೆಯಿಂದ ಇಳಿದ ಜೆಲಟಿನ್, ಅದನ್ನು ನಂಬಿ ಮಾಂಸಖಂಡ ಉಳಿಸಿಕೊಳ್ಳಲು ಆಗುವುದಿಲ್ಲ. ರಾಗಿಯ ಮೇಲೆ ನನಗೆ ಸಿಟ್ಟಿಲ್ಲ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅನ್ನುವುದು ಹೊಟ್ಟೆ ತುಂಬಾ ಎರಡು ಮುದ್ದೆ, ಜೊತೆಗೆ ಕಾಳಿನ ಸಾರು ಉಂಡವರ ಮಾತು. ನಿಮ್ಮ ಹೊಟ್ಟೆಯಲ್ಲಿ ಈಗ ಜಾಗ ಇರುವುದು ಒಂದು ಕಾಫಿ ಲೋಟದಷ್ಟು. ಅದನ್ನು ಗಂಜಿಯಿಂದ ತುಂಬಿಸಿದರೆ ಬೇರೆಯದಕ್ಕೆ ಜಾಗ ಎಲ್ಲಿ?

ನಾನಾಗಿದ್ದರೆ ನಿಮಗೆ ಹೀಗೆ ಬರೆದುಕೊಡುತ್ತಿದ್ದೆ. ಬೆಳಿಗ್ಗೆ 200 ಮಿ.ಲೀ. ಹಾಲಿಗೆ ಒಂದು ಅಳತೆ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿ, ಒಂದೇ ಸಲಕ್ಕೆ ಅಲ್ಲ, ಎರಡು ಗಂಟೆಯ ಅಂತರದಲ್ಲಿ ಎರಡು ಪಾಲು ಮಾಡಿ. ಅಲ್ಲಿಗೇ ಸುಮಾರು 30 ಗ್ರಾಂ ಆಯಿತು. ಹಾಲು ಕುದಿಯುತ್ತಿರುವಾಗ ಹಾಕಬೇಡಿ, ಗಂಟು ಕಟ್ಟುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಹಾಲಿನ ಸಕ್ಕರೆಯನ್ನು ಬಹುಪಾಲು ತೆಗೆದ ವೇ ಐಸೊಲೇಟ್ ಪುಡಿ ತೆಗೆದುಕೊಂಡು ನೀರಲ್ಲಿ ಕಲಸಿ. ಮಧ್ಯಾಹ್ನ ಚಮಚ ನಿಲ್ಲುವಷ್ಟು ಗಟ್ಟಿ ತೊವ್ವೆ ಅರ್ಧ ಬಟ್ಟಲು, ಆಮೇಲೆ ಜಾಗ ಇದ್ದರೆ ಮಾತ್ರ ಅನ್ನ. ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಮೊಸರು 100 ಗ್ರಾಂ. ಎರಡೂ ಸೇರಿ 9 ಗ್ರಾಂ. ಸಂಜೆ ಚೆನ್ನಾಗಿ ಬೆಂದ ಹೆಸರುಕಾಳು ಅರ್ಧ ಬಟ್ಟಲು, 5 ಗ್ರಾಂ. ಪನೀರ್ 50 ಗ್ರಾಂ ಪುಡಿ ಮಾಡಿ ಒಗ್ಗರಣೆ ಹಾಕಿದ್ದು ದಿನಕ್ಕೆ ಎರಡು ಸಲ, 18 ಗ್ರಾಂ. ಕೂಡಿ ನೋಡಿ, 60 ದಾಟಿತು. ಕ್ಯಾಲೊರಿಯೂ ತಾನಾಗೇ 750, 800ರ ಹತ್ತಿರ ಬಂತು. ಮೂರನೇ ತಿಂಗಳಿಗೆ ಅದು ಸರಿಯಾದ ಮಟ್ಟವೇ. ಮೊದಲ ತಿಂಗಳು 400ರಿಂದ 600 ಇರುವುದು ಸಹಜ, ಆರು ತಿಂಗಳಿಂದ ವರ್ಷದೊಳಗೆ 1000ರಿಂದ 1200ಕ್ಕೆ ಬರುತ್ತೀರಿ. ನಿಮ್ಮನ್ನು ನೋಡುತ್ತಿರುವ ಡಯಟಿಷಿಯನ್ ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ಕೇಳಿ, ಅವರ ಹತ್ತಿರ ನಿಮ್ಮ ರಕ್ತದ ರಿಪೋರ್ಟ್ ಇದೆ.

ಮೊಟ್ಟೆ ತಿನ್ನುವವರಿಗೆ ಕೆಲಸ ಸುಲಭ, ಒಂದಕ್ಕೆ 6 ಗ್ರಾಂ. ಕೋಳಿ ಒಣಗಿದ್ದರೆ ಈ ಹಂತದಲ್ಲಿ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ, ಬೇಯಿಸಿದ ಮೀನು ಅಥವಾ ಮೆತ್ತನೆ ಕೈಮಾ ವಾಸಿ. ಚಾಕೊಲೇಟ್ ವಾಸನೆಯ ಮಾಲ್ಟ್ ಪುಡಿಗಳನ್ನು ಪ್ರೋಟೀನ್ ಅಂದುಕೊಳ್ಳಬೇಡಿ, ಅದರಲ್ಲಿ ಜಾಸ್ತಿ ಇರುವುದು ಸಕ್ಕರೆ. ಕೊಲಾಜನ್ ಪುಡಿಯೂ ಬೇಡ, ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫಾನ್ ಅನ್ನುವ ಪ್ರೋಟೀನ್ ಘಟಕ ಅದರಲ್ಲಿ ಇಲ್ಲವೇ ಇಲ್ಲ. ಡಬ್ಬಿ ತಿರುಗಿಸಿ ಓದಿ, ಒಂದು ಅಳತೆಗೆ 20 ಗ್ರಾಂ ಪ್ರೋಟೀನ್ ಇಲ್ಲದಿದ್ದರೆ ವಾಪಸ್ ಇಡಿ. ನೀರು ದಿನಕ್ಕೆ ಒಂದೂವರೆ ಲೀಟರ್, ಗುಟುಕು ಗುಟುಕಾಗಿ, ಊಟದ ಜೊತೆ ಅಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು.

ಕೂದಲಿನ ವಿಷಯ. ತೂಕ ಬೇಗ ಇಳಿದಾಗ ಮೂರು, ನಾಲ್ಕನೇ ತಿಂಗಳಲ್ಲಿ ಉದುರುವುದು ಶುರುವಾಗುತ್ತದೆ. ಪ್ರೋಟೀನ್, ಕಬ್ಬಿಣ, ಸತು ಸರಿಯಿದ್ದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಮ್ಮ 12 ಗ್ರಾಂ ಊಟದಲ್ಲಿ ಅದು ನಿಲ್ಲುವ ಹಾಗೆ ಕಾಣುವುದಿಲ್ಲ. ಸಾವಿರಾರು ರೂಪಾಯಿಯ ಎಣ್ಣೆ ಮಾರುವವರನ್ನು ನಂಬಬೇಡಿ, ಆ ದುಡ್ಡಿಗೆ ಪನೀರ್ ಬರುತ್ತದೆ.

ಪ್ರಶ್ನೆ: ಪ್ರೋಟೀನ್ ಪುಡಿಯಿಂದ ಕಿಡ್ನಿ ಹಾಳಾಗುತ್ತಾ?

ಉತ್ತರ: ಕಿಡ್ನಿ ಚೆನ್ನಾಗಿದ್ದವರಿಗೆ 60, 80 ಗ್ರಾಂ ಹೊರೆಯಲ್ಲ, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಕಿ) ಏರಿದ್ದವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಪ್ರಶ್ನೆ: ವಿಟಮಿನ್ ಮಾತ್ರೆ ಎಷ್ಟು ತಿಂಗಳು?

ಉತ್ತರ: ಜೀವನ ಪೂರ್ತಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ.

ಪ್ರಶ್ನೆ: ಬೈಪಾಸ್ ಆಗಿದೆ. ಹಬ್ಬಕ್ಕೆ ಒಂದು ಒಬ್ಬಟ್ಟು?

ಉತ್ತರ: ಬೇಡ. ಸಿಹಿ ತಿಂದು ಎದೆ ಡವಡವ ಹೊಡೆದುಕೊಂಡು, ಬೆವರಿ, ಭೇದಿಯಾಗಿ ಮಲಗಿದ ಮೇಲೆ ನೀವೇ ಬೇಡ ಅನ್ನುತ್ತೀರಿ.

ಪ್ರಶ್ನೆ: ಏಕಾದಶಿ ಉಪವಾಸ ಮಾಡಬಹುದಾ?

ಉತ್ತರ: ಮೊದಲ ವರ್ಷ ಬೇಡ, ನಿರ್ಜಲ ಉಪವಾಸವಂತೂ ಬೇಡವೇ ಬೇಡ.

ಪ್ರಶ್ನೆ: ಮಗು ಯಾವಾಗ?

ಉತ್ತರ: 12ರಿಂದ 18 ತಿಂಗಳು ಕಾಯಿರಿ.

ಪ್ರಶ್ನೆ: ಆಪರೇಷನ್ ಆಗಿ ಆರು ವಾರ. ಹತ್ತು ದಿನದಿಂದ ವಾಂತಿ. ಪರಿಚಯದ ನಾಟಿ ವೈದ್ಯರು ಒಳಗಿನ ವಿಷ ಹೊರಗೆ ಬರುತ್ತಿದೆ, ಒಳ್ಳೆಯದು ಅಂತ ಪುಡಿ ಕೊಟ್ಟಿದ್ದಾರೆ. ಮುಂದುವರಿಸಲಾ?

ಉತ್ತರ: ಇದನ್ನು ಓದಿದ ಕೂಡಲೇ ಆಸ್ಪತ್ರೆಗೆ ಹೊರಡಿ, ಪುಡಿ ಎಸೆಯಿರಿ. ವಿಷವೂ ಇಲ್ಲ, ಗಿಷವೂ ಇಲ್ಲ. ಹೊಲಿಗೆ ಹಾಕಿದ ಹೊಟ್ಟೆಯ ದಾರಿ ಕಿರಿದಾಗಿರಬಹುದು. ಅದಕ್ಕಿಂತ ನನಗೆ ಭಯ ಥಯಾಮಿನ್, ಅಂದರೆ ಬಿ1 ವಿಟಮಿನ್ ಬಗ್ಗೆ. ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುವಷ್ಟು. ಹತ್ತು ದಿನ ಏನೂ ನಿಲ್ಲದಿದ್ದರೆ ಅದು ಬರಿದಾಗಬಹುದು, ಮಿದುಳಿಗೆ ಪೆಟ್ಟು ಬೀಳಬಹುದು. ಹೀಗೇ ವಾಂತಿ ಮಾಡಿಕೊಳ್ಳುತ್ತಾ ಮನೆಯಲ್ಲೇ ಮಲಗಿದ್ದ ಒಬ್ಬ ಹುಡುಗಿಯನ್ನು ನಾನು ನೋಡಿದ್ದೇನೆ. ಬರುವಾಗ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಆರು ತಿಂಗಳಾದ ಮೇಲೂ ಗೋಡೆ ಹಿಡಿದು ನಡೆಯುತ್ತಿದ್ದಳು. ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರಬೇಡಿ. ಥಯಾಮಿನ್ ಇಲ್ಲದೆ ಗ್ಲೂಕೋಸ್ ಹೋದರೆ ಪರಿಸ್ಥಿತಿ ಇನ್ನೂ ಕೆಡಬಹುದು. 'ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ, ಹತ್ತು ದಿನದಿಂದ ವಾಂತಿ ಆಗುತ್ತಿದೆ, ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ' ಅಂತ ಬಾಯಿಬಿಟ್ಟು ಹೇಳಿ. ಆಪರೇಷನ್ ಮಾಡಿದ ಡಾಕ್ಟರಿಗೆ ದಾರಿಯಲ್ಲೇ ಫೋನ್ ಮಾಡಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಗಾಡಿ ನೀವು ಓಡಿಸಬೇಡಿ.