ಸ್ಯಾಂಪಲ್ ತುಂಡುಗಳ ಕೌದಿ

ಪ್ರಶ್ನೆ: ಶರ್ಟ್ ಬಟ್ಟೆ ಅಂಗಡಿಯ ಹಳೇ ಸ್ಯಾಂಪಲ್ ಪುಸ್ತಕಗಳಿಂದ 5 ಇಂಚಿನ 200 ಚೌಕಗಳು ಸಿಕ್ಕಿವೆ. ಅಂಚು ಹಲ್ಲುಹಲ್ಲಾಗಿದೆ. ಎಷ್ಟು ದೊಡ್ಡ ಕೌದಿಯಾದೀತು? ಮೊದಲೇ ಒಗೆಯಬೇಕೇ?
– ಓದುಗರು, ಮಂಡ್ಯ

ಉತ್ತರ: ಎರಡೂ ಕಡೆ ಕಾಲಿಂಚು ಹೊಲಿಗೆಗೆ ಹೋಗಿ, ಒಂದೊಂದು ಚೌಕ ನಾಲ್ಕೂವರೆ ಇಂಚು ಉಳಿಯುತ್ತದೆ. ಅಡ್ಡಕ್ಕೆ 12, ಉದ್ದಕ್ಕೆ 16 ಜೋಡಿಸಿದರೆ 192 ತುಂಡು. ಅಳತೆ 54x72 ಇಂಚು. ಸುತ್ತ 3 ಇಂಚಿನ ಅಂಚುಪಟ್ಟಿ ಕೊಟ್ಟರೆ 60x78, ಒಬ್ಬರು ಹಾಯಾಗಿ ಹೊದೆಯಬಹುದು.

ತುಂಡುಗಳನ್ನು ಮೆಷಿನ್‌ಗೆ ಹಾಕಬೇಡಿ, ನೂಲು ಬಿಚ್ಚಿ ಗಂಟಾಗುತ್ತವೆ. ಅಂಟಿಸಿದ ಚೀಟಿ ಇದ್ದರೆ ಬಕೆಟ್ಟಿನಲ್ಲಿ ನೆನೆಸಿ ಬಿಡಿಸಿ, ನೆರಳಲ್ಲಿ ಒಣಗಿಸಿ. ಕಡುಗೆಂಪು, ಕಡುನೀಲಿಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಹತ್ತಿದರೆ ತೆಗೆದಿಡಿ. ಯಾವ ಬಟ್ಟೆಯೆಂದು ತಿಳಿಯದಿದ್ದರೆ ಒಂದು ಎಳೆ ಸುಡಿ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಬೆರೆಸಿದರೆ ಒಗೆದಾಗ ಹತ್ತಿ ಮಾತ್ರ ಕುಗ್ಗಿ ಪಕ್ಕದ ತುಂಡು ಸುಕ್ಕಾಗುತ್ತದೆ.

ಹಲ್ಲುಗಳ ತುದಿಯನ್ನೇ ಅಂಚೆಂದು ಹಿಡಿದು ಕಾಲಿಂಚು ಬಿಡಿ; ಒಮ್ಮೆ ತುದಿ, ಒಮ್ಮೆ ಸಂದು ಎಂದು ಬದಲಿಸಿದರೆ ಅಳತೆ ಕೆಡುತ್ತದೆ. ಮೊದಲು ಮೂರು ತುಂಡು ಹೊಲಿದು ನಡುವಿನದನ್ನು ಅಳೆಯಿರಿ, ಸರಿಯಾಗಿ ನಾಲ್ಕೂವರೆ ಇಂಚು ಇರಲೇಬೇಕು. ಒಂದೊಂದು ತುಂಡಿನಲ್ಲಿ ಅರೆಕಾಲಿಂಚು ತಪ್ಪಿದರೂ 12 ತುಂಡಿನ ಸಾಲಿಗೆ ಒಂದೂವರೆ ಇಂಚು ಮಾಯ! ಒಂದು ಸಾಲಿನ ಹೊಲಿಗೆಯಂಚನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಲಗಿಸಿ ಇಸ್ತ್ರಿ ಮಾಡಿ. ಸಾಲು ಜೋಡಿಸುವಾಗ ಅವು ಒಂದಕ್ಕೊಂದು ಕಚ್ಚಿ ಮೂಲೆಗಳು ತಾವಾಗಿಯೇ ಕೂಡುತ್ತವೆ. ಇಸ್ತ್ರಿಯನ್ನು ಎಳೆಯದೆ ಎತ್ತಿ ಒತ್ತಬೇಕು.

ಅಡಿಬಟ್ಟೆಗೆ ಒಂದು ಹಳೇ ಕಾಟನ್ ಸೀರೆ ಸಾಕು: 86 ಇಂಚಿನ ಎರಡು ತುಂಡು ಮಾಡಿ ಪಕ್ಕಪಕ್ಕ ಕೂಡಿಸಿ. ಒಳಗೂ ಹೀಗೇ ಕೂಡಿಸಿದ ಇನ್ನೊಂದು ಸೀರೆ ಹಾಸಿ. ಮೈಸೂರು, ಮಂಡ್ಯದ ಚಳಿಗೆ ಅಷ್ಟು ಬೆಚ್ಚಗಿದ್ದರೆ ಸಾಕು. ಬಿಡಿ ಹತ್ತಿ ತುಂಬಿದರೆ ಒತ್ತಾಗಿ ಹೊಲಿಯಬೇಕು, ಇಲ್ಲದಿದ್ದರೆ ಒಗೆದಾಗ ಉಂಡೆಗಟ್ಟುತ್ತದೆ. ಕೊನೆಗೆ ಕೌದಿಯ ಹೊರಬದಿಯನ್ನು ಮಡಚಿ ಮುಚ್ಚುವ ಪಟ್ಟಿಗೆ, 44 ಇಂಚು ಅಗಲದ ಅರ್ಧ ಮೀಟರ್ ಬಟ್ಟೆಯಲ್ಲಿ ಎರಡೂವರೆ ಇಂಚಗಲದ 7 ಪಟ್ಟಿ ಬರುತ್ತವೆ, ಸುತ್ತಳತೆಗೆ ಸಾಕಾಗುತ್ತದೆ.

ಪ್ರಶ್ನೆ: ಹೊಲಿದು ಮುಗಿಸಿದ ಕೌದಿಯ ನಡುಭಾಗ ಉಬ್ಬಿದೆ. ಏಕೆ?
– ಓದುಗರು, ಮೈಸೂರು

ಉತ್ತರ: ಅಂಚಿನಿಂದ ಹೊಲಿಯುತ್ತಾ ಬಂದಿರಬೇಕು. ಮೇಲ್ಪದರದ ಸಡಿಲವೆಲ್ಲ ನಡುವಿಗೆ ತಳ್ಳಿಸಿಕೊಂಡು ನಿಲ್ಲುತ್ತದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಕೌದಿಯಾದ ಕವಂದಿ ಅಂಚಿನಿಂದಲೇ ಒಳಕ್ಕೆ ಸಾಗುತ್ತದೆ ನಿಜ, ಆದರೆ ಅಲ್ಲಿ ತುಂಡುಗಳನ್ನು ಹೊಲಿಯುತ್ತಲೇ ಒಂದೊಂದಾಗಿ ಸೇರಿಸುವುದರಿಂದ ಸಡಿಲ ಹುಟ್ಟುವುದೇ ಇಲ್ಲ. ನಿಮ್ಮದು ಮೊದಲೇ ಜೋಡಿಸಿದ ಹಾಳೆ. ಉಬ್ಬಿದ ಕಡೆ ಬಿಚ್ಚಿ, ಅಡಿಬಟ್ಟೆಯನ್ನು ನೆಲಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ನಡುವಿನಿಂದ ನಾಲ್ಕೂ ದಿಕ್ಕಿಗೆ ಅಂಗೈಯಲ್ಲಿ ನೀವಿ. ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ನಡುವಿನಿಂದಲೇ ಹೊಲಿಯಲು ಶುರುಮಾಡಿ.