ಓನರ್ ಸರಿ ಅಂದರೂ ಸೊಸೈಟಿ ಕೇಬಲ್ ಎಳೆಯಲು ಬಿಡುತ್ತಿಲ್ಲವಾ?

ಪುಣೆಯ ಬಾಡಿಗೆ ಫ್ಲ್ಯಾಟಿಗೆ ಫೈಬರ್ ಇಂಟರ್ನೆಟ್ ಹಾಕಿಸಲು ಓನರ್ ಒಪ್ಪಿದ್ದಾರೆ, ಹೌಸಿಂಗ್ ಸೊಸೈಟಿ ಸೆಕ್ರೆಟರಿ ತಡೆಯುತ್ತಿದ್ದಾರೆ, ಇದು ಸರಿಯಾ ಅಂತ ಕೇಳಿದ್ದೀರಿ. ನೋಡಿ, ಓನರ್ ಮಾತು ನಡೆಯುವುದು ಫ್ಲ್ಯಾಟಿನ ಬಾಗಿಲೊಳಗೆ ಮಾತ್ರ. ಟೆರೇಸು, ಮೆಟ್ಟಿಲು, ಪೈಪು-ಕೇಬಲ್ ಹೋಗುವ ಡಕ್ಟು ಎಲ್ಲರದ್ದು, ಅದಕ್ಕೆ ಸೊಸೈಟಿ ಕಮಿಟಿಯೇ ಹೂಂ ಅನ್ನಬೇಕು.

ಆದರೆ ಆ ಒಪ್ಪಿಗೆಗೆ ಓಡಾಡಬೇಕಾದವರು ನೀವಲ್ಲ, ಇಂಟರ್ನೆಟ್ ಕಂಪನಿಯವರು. 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಖಾಸಗಿ ಜಾಗದಲ್ಲಿ ಕೇಬಲ್ ಹಾಕಲು ಅವರೇ ಅರ್ಜಿ ಕೊಟ್ಟು ಜಾಗದವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಇದರ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಒಪ್ಪಂದ ಆಗದಿದ್ದರೆ ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ನಡುವೆ ಬರಬಹುದು, ಆದರೆ ನಿಮ್ಮೊಬ್ಬರ ವೈಫೈಗೆ ದಿಲ್ಲಿಯಿಂದ ಯಾರೂ ಬರಲ್ಲ ಬಿಡಿ! "ನಮ್ಮಲ್ಲಿ ಒಂದೇ ಕಂಪನಿಗೆ ಜಾಗ" ಅಂದರೆ, ಯಾವ ಕಂಪನಿಗೂ ಭೇದ ಮಾಡಬಾರದು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2017ರಲ್ಲೇ ಶಿಫಾರಸು ಮಾಡಿದೆ ಅಂತ ಹೇಳಿ. ಅದು ಶಿಫಾರಸು ಅಷ್ಟೇ, ಆದರೆ 2023ರ ಕಾಯ್ದೆಯೂ ಭೇದ ಮಾಡದೆ, ಸಾಧ್ಯವಾದಷ್ಟು ಒಬ್ಬರಿಗೇ ಮೀಸಲಿಡದೆ ಜಾಗ ಕೊಡಬೇಕು ಅನ್ನುತ್ತದೆ, ಮೀಟಿಂಗಿನಲ್ಲಿ ಕೆಲಸಕ್ಕೆ ಬರುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರೂ ಮನವಿಗೆ ಸಹಿ ಹಾಕಿದರೆ ಸೆಕ್ರೆಟರಿ ಬೇಗ ಮೆತ್ತಗಾಗುತ್ತಾರೆ.

ಓನರ್ ಒಪ್ಪಿಗೆಯನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಎಲ್ಲಿ ತೂತು ಅಂತ ಫೋಟೋ ಸಮೇತ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದಾಗ ಕೇಬಲ್ ಹಾಕಲು ಬಂದ ಹುಡುಗ ಕಿಟಕಿ ಪಕ್ಕ ಸುಮ್ನೆ ನೇರ ಕೊರೆದು ಹೋದ, ಜುಲೈ ಮಳೆಗೆ ನೀರು ಕೇಬಲ್ ಹಿಡಿದುಕೊಂಡೇ ಒಳಗೆ ಇಳಿದು ಗೋಡೆ ಉಬ್ಬಿತು, ಡಿಪಾಸಿಟ್ಟಿನಲ್ಲಿ ಪೇಂಟಿನ ದುಡ್ಡು ಕತ್ತರಿಸಿದರು. ತೂತು ಹೊರಕ್ಕೆ ಇಳಿಜಾರಾಗಿರಲಿ, ಹೊರಗೆ ಕೇಬಲ್ ಸ್ವಲ್ಪ ಜೋತು ಬೀಳಲಿ, ತೂತಿನ ಬಾಯಿಗೆ ಸಿಲಿಕೋನ್ ಸೀಲಂಟ್ ಹಚ್ಚಿಸಿ.