ಡಾಂಗಲ್ ತಾನು ಸಿ.ಡಿ. ಅಂತಿದೆ!

ಪ್ರಶ್ನೆ: ತೋಟದ ಶೆಡ್ಡಿನಲ್ಲಿ ಮಳೆ ಲೆಕ್ಕ ಇಡಲು ರಾಸ್ಪ್‌ಬೆರಿ ಪೈ 2 ಎಂಬ ಹಳೆಯ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಅದರಲ್ಲಿ ವೈಫೈ ಇಲ್ಲವೆಂದು 8821ಸಿಯು ಚಿಪ್ಪಿನ ಯುಎಸ್‌ಬಿ ಡಾಂಗಲ್ ತಂದೆ. ಮಗಳ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಸರಿಯಾಗಿ ನಡೆಯುತ್ತದೆ, ಪೈಗೆ ಚುಚ್ಚಿದರೆ ಇಲ್ಲ. ಚುಚ್ಚಿದ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಟ್ಟರೆ '0ಬಿಡಿಎ:1ಎ2ಬಿ' ಅಂತ ತೋರಿಸಿ ಪಕ್ಕದಲ್ಲಿ 'ಡಿಸ್ಕ್' ಎನ್ನುತ್ತದೆ. ಡ್ರೈವರಿನ ಮೂಲ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಹೋದರೆ ಅದಕ್ಕೆ ಬೇಕಾದ ಕರ್ನೆಲ್ ಹೆಡರ್ ಕಡತಗಳು ಇಲ್ಲವೆಂದು ನಿಂತುಬಿಡುತ್ತದೆ. ಕರ್ನೆಲ್ (ಪೈಯಲ್ಲಿ ಓಡುವ ಲಿನಕ್ಸ್‌ನ ತಿರುಳು) 5.10. ಡಾಂಗಲ್ ವಾಪಸ್ ಕೊಡಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೊಡಬೇಡಿ. ಆ 'ಡಿಸ್ಕ್' ಅನ್ನೋ ಪದ ಬರೆದು ಕಳಿಸಿದ್ದು ಒಳ್ಳೆಯದಾಯಿತು, ರೋಗ ಅಲ್ಲೇ ಇದೆ. ಇಂಥದೇ ಡಾಂಗಲ್ ಹಿಡಿದು ನಾನೂ ಎರಡು ರಾತ್ರಿ ಕೂತಿದ್ದೆ. ರೇಡಿಯೊ ರಿಪೇರಿ ಮಾಡಿದ ಕೈ ನನ್ನದು. ಏನು ಕೆಟ್ಟರೂ ಮೊದಲು ಕರೆಂಟಿನ ಮೇಲೇ ಗುಮಾನಿ. ಮೂರು ಚಾರ್ಜರ್ ಬದಲಾಯಿಸಿದೆ. ಜಪ್ಪಯ್ಯ ಅಂದರೂ ಅದು ಏಳಲಿಲ್ಲ.

ಸಂಗತಿ ಇಷ್ಟೆ. ಇಂಥ ಡಾಂಗಲ್ಲುಗಳ ಹೊಟ್ಟೆಯಲ್ಲೇ ವಿಂಡೋಸ್ ಡ್ರೈವರ್ ತುಂಬಿಟ್ಟಿರುತ್ತಾರೆ. ಚುಚ್ಚಿದ ಕೂಡಲೇ ಅದು 'ನಾನು ಸಿ.ಡಿ. ಡ್ರೈವ್' ಅಂತ ಪರಿಚಯ ಹೇಳಿಕೊಳ್ಳುತ್ತದೆ. ಡ್ರೈವರ್ ಹಾಕಿಕೊಂಡ ವಿಂಡೋಸ್ ಆ ಸಿ.ಡಿ.ಯನ್ನು ಹೊರಹಾಕಿದ ಮೇಲಷ್ಟೇ ವೇಷ ಬದಲಾಯಿಸಿ ವೈಫೈ ಆಗುತ್ತದೆ. ನಿಮ್ಮ ಪೈಯಲ್ಲಿ ಅದನ್ನು ಚೌಕಿಯಿಂದ ರಂಗಸ್ಥಳಕ್ಕೆ ಕರೆಯುವವರೇ ಇಲ್ಲ! ಲಿನಕ್ಸ್‌ನಲ್ಲಿ ಆ ಕೆಲಸ ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜಿನದು. ಅದನ್ನು ಹಾಕಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ. ಎಲ್‌ಎಸ್‌ಯುಎಸ್‌ಬಿಯಲ್ಲಿ 1ಎ2ಬಿ ಹೋಗಿ ಸಿ811 ಬಂದರೆ ಅರ್ಧ ಗೆದ್ದಿರಿ. ಬಾರದಿದ್ದರೆ ಎಜೆಕ್ಟ್ ಆಜ್ಞೆ ಕೊಟ್ಟು ಆ ಡಿಸ್ಕನ್ನು ನೀವೇ ಹೊರಹಾಕಿ.

ಇನ್ನರ್ಧ ಕರ್ನೆಲ್. ಈ ಚಿಪ್ಪಿನ ಯುಎಸ್‌ಬಿ ಡ್ರೈವರ್ ಲಿನಕ್ಸ್ ಕರ್ನೆಲ್ಲಿಗೆ ಸೇರಿದ್ದು 2023ರಲ್ಲಿ ಬಂದ 6.2ರಲ್ಲಿ. ನಿಮ್ಮ 5.10ರಲ್ಲಿ ಅದು ಇರುವ ಮಾತೇ ಇಲ್ಲ. ಕಂಪೈಲ್ ಮಾಡುವ ಹಟ ಬಿಡಿ. ಹೆಡರ್‌ಗಳು ಓಡುತ್ತಿರುವ ಕರ್ನೆಲ್ಲಿಗೆ ಚಾಚೂ ತಪ್ಪದೆ ಹೊಂದಬೇಕು. ಹೊಂದಿಸಿದಿರಿ ಅಂತಿಟ್ಟುಕೊಂಡರೂ ಮುಂದಿನ ಅಪ್‌ಡೇಟಿಗೆ ಮತ್ತೆ ಅದೇ ಗೋಳು. ಯಾರೂ ಕಣ್ಣಿಡದ ಶೆಡ್ಡಿನ ಯಂತ್ರಕ್ಕೆ ಅದು ಹೇಳಿಸಿದ್ದಲ್ಲ.

ಬೇರೊಂದು ಮೆಮೊರಿ ಕಾರ್ಡಿಗೆ ಹೊಸ ರಾಸ್ಪ್‌ಬೆರಿ ಪೈ ಓಎಸ್ ಬರೆಯಿರಿ, 32 ಬಿಟ್‌ನದೇ ಇರಲಿ. ಹಳೆಯ ಕಾರ್ಡ್ ಅಳಿಸಬೇಡಿ, ಮಳೆ ಲೆಕ್ಕವೆಲ್ಲ ಅದರಲ್ಲೇ ಇದೆಯಲ್ಲ. ಪೈಯನ್ನು ಮನೆಗೆ ತಂದು ಲ್ಯಾನ್ ಕೇಬಲ್‌ನಲ್ಲಿ ರೂಟರಿಗೆ ಕಟ್ಟಿ ಅಪ್‌ಡೇಟ್ ಮುಗಿಸಿ, ಹೊಸ ಕಾರ್ಡಿನಲ್ಲೂ ಯುಎಸ್‌ಬಿ-ಮೋಡ್‌ಸ್ವಿಚ್ ಇರುವಂತೆ ಮಾಡಿ, ಕರ್ನೆಲ್ 6.2 ದಾಟಿದೆಯೇ ನೋಡಿಕೊಳ್ಳಿ. ಸೆಟ್ಟಿಂಗ್‌ನಲ್ಲಿ ವೈಫೈ ದೇಶ 'ಇಂಡಿಯಾ' ಎಂದು ಆರಿಸಿ. ಅದನ್ನು ಮರೆತರೆ ಡ್ರೈವರ್ ಸರಿಯಿದ್ದರೂ ರೇಡಿಯೊಗೆ ಬೀಗ ಬಿದ್ದಿರುತ್ತದೆ. ನನ್ನ ಎರಡನೇ ರಾತ್ರಿ ಹೋದದ್ದು ಇದರಲ್ಲೇ.

ಶೆಡ್ಡಿಗೆ ಒಯ್ದ ಮೇಲೆ ರೂಟರಿನ 2.4 ಗಿಗಾಹರ್ಟ್ಸ್ ಹೆಸರಿಗೇ ಜೋಡಿಸಿ. 5ರದ್ದು ಅಷ್ಟು ಅಡಿಕೆಮರ ದಾಟಿ ಬರುವುದು ಕಷ್ಟ.